ಬಂಗ್ಲೆ ಗೇಮಿನ ಕೊನೆ ಕಂಡ ಮೇಷ್ಟ್ರು

ಹೋದ ತಿಂಗಳು ಮೊಳಕಾಲ್ಮೂರಿನ ನಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರನ್ನು ಬೀಳ್ಕೊಟ್ಟೆವು. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು, ಹಣ್ಣಿನ ಬುಟ್ಟಿಯನ್ನು ಅವರ ಕೈಗಿಟ್ಟು ಫೋಟೋ ತೆಗೆಸಿಕೊಂಡಿದ್ದೂ ಆಯಿತು. ಮೈಕು ಸಿಕ್ಕವರೆಲ್ಲ ಶಿಸ್ತು, ಸಮಯಪಾಲನೆ, ಫಲಿತಾಂಶ ಎಂದು ಹೇಳಿದ್ದನ್ನೇ ಹೇಳಿದರು. ಒಬ್ಬರಾದರೂ, ಒಬ್ಬೇ ಒಬ್ಬರಾದರೂ, ಬಂಗ್ಲೆ ಗೇಮಿನ ಸುದ್ದಿ ಎತ್ತಲಿಲ್ಲ. ನನಗೆ ಕೂತಲ್ಲೇ ಮೈ ಉರಿಯಿತು. ದೆವ್ವಗಳನ್ನು ಬರಿಗೈಲಿ ಗುದ್ದಿದ ಮನುಷ್ಯನನ್ನು, ಸಮಯಕ್ಕೆ ಸರಿಯಾಗಿ ಬೆಲ್ ಹೊಡೆಸುತ್ತಿದ್ದರು ಎಂದಷ್ಟೇ ಹೊಗಳಿ ಮನೆಗೆ ಕಳಿಸುವುದೆಂದರೆ ಏನರ್ಥ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ರಿಟೈರಾಗಿ ಈಗ ಸೇರಿಕೊಂಡಿರುವ ನಾಯಕನಹಟ್ಟಿಯ ತಮ್ಮ ಮನೆಯಲ್ಲಿ ಕೂತು ಇದನ್ನು ಓದಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಬಸ್ಸಿನವರ ಕೈಲಿ ವಾಪಸು ಕಳಿಸುತ್ತಾರೆ. ಹೆಸರಿಲ್ಲದಿದ್ದರೆ ‘ಇದು ನಾನಲ್ಲ’ ಎಂದುಕೊಳ್ಳುವ ಅವಕಾಶ ಅವರಿಗೂ ಇರುತ್ತದೆ.

ನಾನು ಚಳ್ಳಕೆರೆಯಲ್ಲಿ ಹೈಸ್ಕೂಲು ಓದುವಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಶೇಂಗಾ ಎಣ್ಣೆಯ ವಾಸನೆ ಇನ್ನೂ ಬಿಡದಿದ್ದ ಒಂದು ಹಳೇ ಗೋದಾಮಿನಲ್ಲಿ, ವಿಡಿಯೋ ಗೇಮ್ ಪಾರ್ಲರ್ ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಭಾಯಿ ಎನ್ನುತ್ತಿದ್ದೆವು. ಅಲ್ಲಿದ್ದ ಮೆಷಿನ್ನುಗಳಲ್ಲಿ ಮೂಲೆಯದಕ್ಕೆ ಬಂಗ್ಲೆ ಗೇಮ್ ಎಂದು ಹೆಸರು. ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಬೋರ್ಡು ಕಿತ್ತುಹೋಗಿತ್ತು. ಆಟ ಸರಳ. ದಪ್ಪ ತೋಳಿನ ಒಬ್ಬ ಆಸಾಮಿಯ ಕಣ್ಣೆದುರೇ ಒಬ್ಬ ಹೆಂಗಸು ದೆವ್ವದ ಬಂಗಲೆಯೊಳಗೆ ಮಾಯವಾಗುತ್ತಾಳೆ. ಇವನು ಒಳಗೆ ನುಗ್ಗಿ, ಕಂಡ ದೆವ್ವವನ್ನೆಲ್ಲ ಗುದ್ದುತ್ತಾ ಗುದ್ದುತ್ತಾ ಕೊನೆಯ ಬಾಗಿಲಿನವರೆಗೆ ಹೋಗಬೇಕು. ಆ ಹೆಂಗಸು ಇವನಿಗೆ ಏನಾಗಬೇಕು ಎನ್ನುವುದನ್ನು ಶುರುವಿನಲ್ಲೇ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿದ್ದರು. ನಾವು ಮೊದಲ ಪದವನ್ನು ಕೂಡಿಸಿ ಓದುವಷ್ಟರಲ್ಲಿ ಉಳಿದದ್ದೆಲ್ಲ ಹೋಗಿಬಿಡುತ್ತಿತ್ತು.

ಮೇಷ್ಟ್ರು ಆಗ ನಮ್ಮ ಶಾಲೆಗೆ ಹೊಸಬರು. ಕ್ಲಾಸು ತಪ್ಪಿಸಿ ಪಾರ್ಲರಿಗೆ ಹೋಗುವವರನ್ನು ಹಿಡಿಯಲು ಒಂದು ಮಧ್ಯಾಹ್ನ ಬೆತ್ತ ಹಿಡಿದುಕೊಂಡು ಬಂದೇಬಿಟ್ಟರು. ಎಲ್ಲರೂ ಗೋಡೆಗೆ ಅಂಟಿಕೊಂಡರು. ಮೂಲೆಯ ಮೆಷಿನ್ನಿನ ಮುಂದಿದ್ದವನು ನಾನು. ಓಡಿದರೆ ಆಟ ಹೋಗುತ್ತಿತ್ತು.

“ಸಾರ್, ಒಂದ್ನಿಮಿಷ ಸಾರ್. ಈ ದೆವ್ವ ಸತ್ತೋದ್ರೆ ಬಂದ್ಬಿಡ್ತೀನಿ,” ಎಂದೆ.

ಬೆತ್ತ ಬೀಳಲಿಲ್ಲ. ಬೆನ್ನ ಹಿಂದೆ ಉಸಿರು ಮಾತ್ರ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ, “ಲೇ, ಎಡಕ್ಕೆ! ಎಡಕ್ಕೆ ಬಂತಲೇ ಮುಂಡೇದು!” ಎಂಬ ಕೂಗು ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಬೆತ್ತ ನನ್ನ ಕಂಕುಳಲ್ಲಿತ್ತು, ಮೆಷಿನ್ನಿನ ಹಿಡಿ ಅವರ ಕೈಲಿತ್ತು. ಆ ಹಿಡಿಯನ್ನು ಅವರು ಗಿಡದಿಂದ ಬದನೆಕಾಯಿ ಕೀಳುವವರ ಹಾಗೆ ತಿರುಚಿ ಎಳೆಯುತ್ತಿದ್ದರು. ಮರುದಿನದಿಂದ ನಮ್ಮನ್ನು ಹಿಡಿಯಲು ಶಾಲೆ ಬಿಟ್ಟ ಮೇಲೆ ಬರತೊಡಗಿದರು. ಶಾಲೆ ಬಿಟ್ಟ ಮೇಲೆ ಹಿಡಿಯುವುದಕ್ಕೆ ಏನಿದೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಆ ಮೆಷಿನ್ನಿಗೆ ಅದರದೇ ರೋಗಗಳಿದ್ದವು. ಒಮ್ಮೆ ಕೆಟ್ಟಾಗ ರೇಡಿಯೋ ರಿಪೇರಿಯವನೊಬ್ಬ ಒಳಗಿನ ವೈರುಗಳನ್ನು ಅದಲುಬದಲು ಜೋಡಿಸಿ ಹೋಗಿದ್ದನಂತೆ. ಅಂದಿನಿಂದ ಕೆಂಪಾಗಿರಬೇಕಾದದ್ದೆಲ್ಲ ಹಸಿರು, ಹಸಿರಾಗಿರಬೇಕಾದದ್ದೆಲ್ಲ ಕೆಂಪು. ದೆವ್ವಕ್ಕೆ ಒಂದು ಬಿಟ್ಟರೆ ಕೊತ್ತಂಬರಿ ಚಟ್ನಿಯಂತೆ ಹಸಿರು ರಕ್ತ ಚಿಮ್ಮುತ್ತಿತ್ತು. ಬಂಗಲೆಯ ಸುತ್ತ ಕುಂಕುಮದ ಬಣ್ಣದ ಕಾಡು. ಇದೆಲ್ಲ ವೈರಿನ ಕರಾಮತ್ತೆಂದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸ್ಪೀಕರು ಸುಟ್ಟುಹೋಗಿದ್ದರಿಂದ ಶಬ್ದವೂ ನಮ್ಮದೇ. ಆಡುವವನು ಗುದ್ದುತ್ತಿದ್ದ, ಹಿಂದೆ ನಿಂತವರು ಬಾಯಲ್ಲಿ ‘ಧುಪ್’ ಎನ್ನುತ್ತಿದ್ದರು. ಮೇಷ್ಟ್ರ ಧುಪ್ಪಿಗೆ ಹೊಟ್ಟೆಯಿಂದ ಬರುವ ಒಂದು ಗತ್ತಿತ್ತು. ಅದು ಬಿದ್ದರೆ ಆಚೆ ಓಣಿಯ ನಾಯಿ ಎದ್ದು ನಿಲ್ಲುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ರೋಗ ಕೊನೆಯ ಬಾಗಿಲಿನದು. ಅಲ್ಲಿಗೆ ಮುಟ್ಟುವಷ್ಟರಲ್ಲಿ ನಮ್ಮೂರಿನ ಬಿಸಿಲಿಗೆ ಮೆಷಿನ್ನು ಕಾದು ಹೆಂಚಾಗಿರುತ್ತಿತ್ತು. ಬಾಗಿಲು ಅರ್ಧ ತೆರೆಯುತ್ತಿತ್ತು, ಚಿತ್ರ ಅಲ್ಲಿಗೇ ನಿಂತುಬಿಡುತ್ತಿತ್ತು. ಬಾಗಿಲಾಚೆ ಏನಿದೆ ಎನ್ನುವುದನ್ನು ಚಳ್ಳಕೆರೆಯಲ್ಲಿ ಒಬ್ಬ ನರಪಿಳ್ಳೆಯೂ ಕಂಡಿರಲಿಲ್ಲ.

ಮೇಷ್ಟ್ರ ಇನ್ನೊಂದು ಗುಣ ಇಲ್ಲೇ ಹೇಳಬೇಕು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಳ್ಳೆಯತನಕ್ಕಲ್ಲ, ಅವರ ಮೈಗೇ ಅದು ಒಗ್ಗುತ್ತಿರಲಿಲ್ಲ. ಲೆಕ್ಕದ ನಡುವಿನ ಒಂದು ಸಾಲು ಹಾರಿಸಿ ‘ಆದ್ದರಿಂದ ಸಾಧಿಸಲಾಗಿದೆ’ ಎಂದು ಬರೆದವನಿಗೆ, “ಎಲ್ಲಿಂದ ಕದ್ಕೊಂಡ್ ಬಂದ್ಯಲೇ ಈ ಉತ್ತರಾನ?” ಎಂದು ಸೊನ್ನೆ ಸುತ್ತುತ್ತಿದ್ದರು. ಒಮ್ಮೆ ಇನ್‌ಸ್ಪೆಕ್ಟರು ಬಂದು, ನಿನ್ನೆ ಸಂಜೆಯ ಮೇಷ್ಟ್ರುಗಳ ಸಭೆಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ, “ದೆವ್ವ ಹೊಡೀತಿದ್ದೆ ಸಾರ್,” ಎಂದು ಹೇಳಿ ಕೈಕಟ್ಟಿ ನಿಂತುಬಿಟ್ಟರು. ಇನ್‌ಸ್ಪೆಕ್ಟರು ಆ ಊರಿನಿಂದ ಬೇಗ ಹೊರಟುಹೋದರು.

ನಮ್ಮ ಕ್ಲಾಸಿನಲ್ಲಿ ಓಬಳೇಶ ಎಂಬ ಗೆಳೆಯನಿದ್ದ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ವರ್ಷ ಅವನ ಅಕ್ಕ ತಾನು ಮೆಚ್ಚಿದವನನ್ನು ಮದುವೆಯಾಗಿ ಬಳ್ಳಾರಿ ರಸ್ತೆಯ ರಾಂಪುರಕ್ಕೆ ಹೋಗಿಬಿಟ್ಟಳು. ಮನೆಯವರು ಅವಳ ಹೆಸರೆತ್ತುವುದನ್ನೇ ಬಿಟ್ಟರು. ಓಬಳೇಶ ಮಾತ್ರ ದಿನವೂ ಎತ್ತುತ್ತಿದ್ದ. ಒಂದು ಸೋಮವಾರ ಅವನು ಚೀಲದಲ್ಲಿ ಸೈಕಲ್ ಚೈನು ಹಾಕಿಕೊಂಡು ಕ್ಲಾಸಿಗೆ ಬಂದ. “ನಾಳೆ ಬಳ್ಳಾರಿ ಬಸ್ಸಿಗೆ ಹೋಗ್ತೀನಿ. ಅವ್ನ ಕಾಲು ಮುರೀತೀನಿ. ಅಡ್ಡ ಬಂದ್ರೆ ಅವಳ್ನೂ ಬಿಡಲ್ಲ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

ಅವರು ಬೈಯಲಿಲ್ಲ. ಚೀಲ ತೆಗೆಸಲೂ ಇಲ್ಲ. ಬೋರ್ಡಿನ ಮೇಲೆ ತ್ರಿಕೋನದ ಎರಡು ಗೆರೆ ಎಳೆದು, ಚಾಕ್‌ಪೀಸು ಕೆಳಗಿಟ್ಟು, ಸುಮ್ಮನೆ ನೆನಪಾದವರ ಹಾಗೆ, “ಲೇ, ನಿನ್ನೆ ಭಾಯಿ ಪಾರ್ಲರಿನಾಗೆ ನಾನು ಕೊನೇ ಬಾಗ್ಲು ದಾಟಿದೆ,” ಎಂದರು.

ಇಡೀ ಕ್ಲಾಸು ಎದ್ದು ನಿಂತಿತು.

“ಮೆಷಿನ್ನಿನ ಹಿಂದೆ ಟೇಬಲ್ ಫ್ಯಾನ್ ಇಟ್ಟಿದ್ದೆ, ಕಾಯ್ಲಿಲ್ಲ. ಬಾಗ್ಲು ಪೂರ್ತಿ ತೆಗೀತು. ದೆವ್ವದ ರಾಣಿ ನಿಂತವ್ಳೆ. ಇವನು ಗುದ್ದಕ್ಕೆ ಕೈ ಎತ್ತಿದ. ಅವಳು ಮುಖದ ಮೇಲಿನ ಕೂದ್ಲು ಸರಿಸಿದ್ಲು. ನೋಡಿದ್ರೆ ಇವನ ಅಕ್ಕ ಕಣ್ರಲೇ! ಯಾರೂ ಎಳ್ಕೊಂಡೋಗಿಲ್ಲ, ಅವಳೇ ಇಷ್ಟಪಟ್ಟು ಬಂದವ್ಳೆ. ಇವನ ಕೈ ಹಂಗೇ ನಿಂತೋಯ್ತು. ಅವಳು ಒಂದೇ ಮಾತು ಕೇಳಿದ್ಲು, ಉಂಡ್ಯೇನೋ ಅಂತ. ಅಷ್ಟೇ. ಆಟ ಮುಗೀತು.”

“ಇಂಗ್ಲಿಷಿನಾಗೆ ಕೇಳಿದ್ಲಾ ಸಾರ್?” ಎಂದೆ ನಾನು.

“ಇಂಗ್ಲಿಷಿನಾಗೇ ಬರ್ದಿತ್ತು. ನಾನು ಕನ್ನಡ ಮಾಡಿ ಹೇಳ್ತಿದೀನಿ. ಕೂತ್ಕ.”

ಮರುದಿನ ಓಬಳೇಶ ರಾಂಪುರಕ್ಕೆ ಹೋದ. ಚೈನು ಮನೆಯಲ್ಲೇ ಇತ್ತು. ಅಕ್ಕನ ಬಾಗಿಲಲ್ಲಿ ಏನು ಮಾತಾಡಬೇಕೆಂದು ತೋಚದೆ ನಿಂತಿದ್ದಾಗ ಅವಳು ಇವನ ಮುಖ ನೋಡಿ ಮೊದಲು ಕೇಳಿದ್ದೇ, “ಉಂಡ್ಯೇನೋ?” ಯಾವ ಅಕ್ಕನಾದರೂ ಕೇಳುವ ಮಾತು. ಇವನಿಗೆ ಮಾತ್ರ ಮೈಯೆಲ್ಲ ಜುಂ ಎಂದಿತಂತೆ. ಭಾವನ ಪಕ್ಕದಲ್ಲೇ ಕೂತು ಉಂಡು, ಸಂಜೆ ಬಸ್ಸಿಗೆ ಬಂದ. ಆಮೇಲೆ ಅವನ ಮದುವೆಯಲ್ಲಿ ಆರತಿ ಎತ್ತಿದ್ದು ಆ ಅಕ್ಕನೇ. “ಆ ಗೇಮ್ ಇಲ್ದಿದ್ರೆ ನಾನು ಜೈಲಿನಾಗಿರ್ತಿದ್ದೆ,” ಎಂದು ಅವನು ಕಂಡಕಂಡವರಿಗೆಲ್ಲ ಹೇಳಿದ. ತನ್ನ ಅಕ್ಕನ ಮಕ್ಕಳಿಗೂ ಅದೇ ಕಥೆ ಹೇಳಿ ಮಲಗಿಸಿದ. ಪಾರ್ಲರ್ ಮುಚ್ಚಿತು, ಮೆಷಿನ್ನು ಗುಜರಿಗೆ ಹೋಯಿತು, ಮೇಷ್ಟ್ರು ಕಂಡ ಕೊನೆ ಮಾತ್ರ ನಮ್ಮೂರಿನಲ್ಲಿ ಉಳಿಯಿತು.

ಕಾಲ ತಿರುಗಿ ನಾನೂ ಮೇಷ್ಟ್ರಾದೆ. ಮೊಳಕಾಲ್ಮೂರಿನ ಶಾಲೆಗೆ ಹಾಕಿದರು. ಹೋಗಿ ನೋಡಿದರೆ ಗಣಿತಕ್ಕೆ ಅವರೇ. ಇಬ್ಬರೂ ಚಳ್ಳಕೆರೆಯಿಂದ ಒಂದೇ ಬಸ್ಸಿಗೆ ಹೋಗಿ ಬರುತ್ತಿದ್ದೆವು. ಬಸ್ಸಿನಲ್ಲಿ ಅವರಿಗೆ ನಾನು “ಲೇ”, ಸ್ಟಾಫ್ ರೂಮಿನಲ್ಲಿ “ಏನ್ರೀ ಸಾರ್”. ಶಾಲೆಯ ಗೇಟು ದಾಟುವಾಗ ನಾಲಿಗೆ ಹೇಗೆ ಬದಲಾಗುತ್ತಿತ್ತೋ, ಒಂದು ದಿನವೂ ತಪ್ಪಲಿಲ್ಲ.

ಎರಡು ವರ್ಷದ ಕೆಳಗೆ ಓಬಳೇಶ ಫೋನು ಹಿಡಿದುಕೊಂಡು ನಮ್ಮ ಮನೆಗೆ ಓಡಿಬಂದ. ಈಗ ಅವನದು ಟ್ರ್ಯಾಕ್ಟರ್ ಗ್ಯಾರೇಜು. ಕೈಯೆಲ್ಲ ಗ್ರೀಸು, ಕಣ್ಣೆಲ್ಲ ಬೆಳಕು. ಫೋನಿನಲ್ಲಿ ಅದೇ ಬಂಗಲೆ, ಅದೇ ಮುರಿದ ಮೆಟ್ಟಿಲು, ಅದೇ ಡೊಳ್ಳು ಹೊಟ್ಟೆಯ ದೆವ್ವ. ಬಂಗ್ಲೆ ಗೇಮನ್ನು ಯಾರೋ ಹೊಸದಾಗಿ ಮಾಡಿ ಬಿಟ್ಟಿದ್ದರು! ನಾವಿಬ್ಬರೂ ಕುಣಿದ ಕುಣಿತಕ್ಕೆ ನನ್ನ ಹೆಂಡತಿ ಒಲೆ ಆರಿಸಿ ಹೊರಗೆ ಬಂದಳು. ವಾರದೊಳಗೆ ಟಿ.ವಿ.ಗೆ ಜೋಡಿಸುವ ಗೇಮಿನ ಡಬ್ಬಿ ತಂದೆವು.

“ಸಾರ್, ಕೊನೇ ಬಾಗ್ಲು! ಈಗ ಎಲ್ರೂ ನೋಡ್ಬೋದು!” ಎಂದು ಓಬಳೇಶ ಫೋನಿನಲ್ಲಿ ಮೇಷ್ಟ್ರಿಗೆ ಕೂಗಿ ಹೇಳಿದ.

ಆ ಕಡೆಯಿಂದ ಮೇಷ್ಟ್ರು ಮೊದಲು ಗ್ಯಾರೇಜಿನ ವ್ಯಾಪಾರ ವಿಚಾರಿಸಿದರು. “ಹೊಸಬ್ರು ಮಾಡಿದ್ದು ಹೊಸಾದೇ ಇರ್ತೈತೆ ಕಣಲೇ. ನೋಡಿ ಹೇಳ್ತೀನಿ,” ಎಂದರು ಕೊನೆಗೆ.

ಹಾಗೆ ಭಾನುವಾರದ ಮಧ್ಯಾಹ್ನಗಳಲ್ಲಿ ನಮ್ಮ ನಡುಮನೆಯಲ್ಲಿ ಮೌಲ್ಯಮಾಪನ ಶುರುವಾಯಿತು. ಓಬಳೇಶ ಆಡುವುದು, ನಾನು ನೋಡುವುದು, ಮೇಷ್ಟ್ರು ಕುರ್ಚಿಯ ಮೇಲೆ ಒಂದು ಕಾಲು ಮಡಿಸಿ ಕೂತು ಬೈಯುವುದು. ಮೊದಲ ದೃಶ್ಯಕ್ಕೇ ಎಡವಟ್ಟಾಯಿತು. ಈಗಿನ ಅಕ್ಷರಗಳು ನಿಧಾನಕ್ಕೆ ಬರುತ್ತವೆ, ಓದಲು ಬಿಡುತ್ತವೆ. ಬಂಗಲೆಯೊಳಗೆ ಹೋದ ಹೆಂಗಸು ಇವನು ಮದುವೆಯಾಗಬೇಕಿದ್ದ ಹುಡುಗಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಓಬಳೇಶ ತಿರುಗಿ ಮೇಷ್ಟ್ರನ್ನು ನೋಡಿದ.

“ಶಿವಶಿವಾ!” ಎಂದು ಮೇಷ್ಟ್ರು ಎದ್ದೇನಿಂತರು. “ಒಡಹುಟ್ಟಿದ ಅಕ್ಕನ್ನ ಹೆಂಡ್ತಿ ಮಾಡವ್ರಲ್ಲೋ! ಇಂಥಾ ಅನಾಚಾರ ಮಾಡೋರು ಇನ್ನೇನ್ ಕೆಡ್ಸಿಲ್ಲ? ಮೊದ್ಲೇ ಹೇಳ್ತಿದೀನಿ, ಇವ್ರು ಕೊನೇನೂ ಬದ್ಲಾಯಿಸಿರ್ತಾರೆ.”

ನಾನು ಆಗ ಅದನ್ನು ಬರೀ ವಿಮರ್ಶೆ ಎಂದುಕೊಂಡೆ. ವಿಮರ್ಶೆಯೇನೋ ಭರ್ಜರಿಯಾಗಿತ್ತು. ರಕ್ತ ಕೆಂಪಗೆ ಬಂದದ್ದು ನೋಡಿ, “ಇದೇನಲೇ, ಮನುಷ್ಯರ ರಕ್ತ ದೆವ್ವಕ್ಕೆ ಹಾಕವ್ರೆ?” ಎಂದರು. ಆಗಲೇ ಓಬಳೇಶ, ತಾನು ಭಾಯಿಯಿಂದ ಕೇಳಿದ್ದ ವೈರಿನ ಕಥೆ ಬಿಚ್ಚಿದ. ಮೇಷ್ಟ್ರು ಕ್ಷಣ ಯೋಚಿಸಿ, “ಹಂಗಾದ್ರೆ ಗೇಮ್ ಮಾಡ್ದೋರಿಗಿಂತ ನಮ್ ರೇಡಿಯೋ ರಿಪೇರಿಯವನಿಗೇ ದೆವ್ವದ ಬಗ್ಗೆ ಜಾಸ್ತಿ ಗೊತ್ತಿತ್ತು,” ಎಂದು ತೀರ್ಪು ಕೊಟ್ಟರು.

ಈಗಿನ ನಾಯಕ ಏಟು ತಪ್ಪಿಸಿಕೊಳ್ಳಲು ನೆಲದ ಮೇಲೆ ಉರುಳುತ್ತಾನೆ. ಅದನ್ನು ಕಂಡು ಮೇಷ್ಟ್ರಿಗೆ ತಡೆಯಲಾರದ ನಗು. “ಗುದ್ದಕ್ಕೆ ಬಂದವ್ನೋ, ಉರುಳುಸೇವೆಗೆ ಬಂದವ್ನೋ? ಮಡಿ ಉಡಿಸ್ರಲೇ ಅವನಿಗೆ!” ಗುದ್ದಿಗಿಂತ ಮಾತು ಹೆಚ್ಚೆಂದು ಬೈದರು. ಹಿನ್ನೆಲೆಯ ಸಂಗೀತ ಮದುವೆ ಮನೆಯ ಆರ್ಕೆಸ್ಟ್ರಾ ಎಂದರು. ಕೈಗೆ ಕೊಟ್ಟ ರಿಮೋಟಿನ ಗುಂಡಿಗಳನ್ನು ನೋಡಿ, ಇದನ್ನು ನುಡಿಸಲು ಎಷ್ಟು ವರ್ಷ ಪಾಠಕ್ಕೆ ಹೋಗಬೇಕು ಎಂದು ಕೇಳಿದರು. ಟಿ.ವಿ.ಯ ಧುಪ್ಪು ಸಾಲದೆಂದು ತಾವೇ ಮೇಲಿನಿಂದ ಒಂದೊಂದು ಸೇರಿಸುತ್ತಿದ್ದರು. ನಮ್ಮ ಪಕ್ಕದ ಮನೆಯವರು ಎರಡು ಸಲ ಬಂದು ವಿಚಾರಿಸಿಕೊಂಡು ಹೋದರು.

ಆದರೆ ಕೆಲವು ಮಾತುಗಳು ನಗೆಯವಲ್ಲ. ಯಾವ ಕಡೆ ಹೋಗಬೇಕೆಂದು ತೋರಿಸಲು ಪರದೆಯ ಮೇಲೆ ಒಂದು ಬಾಣದ ಗುರುತು ಸದಾ ಮಿನುಗುತ್ತಿತ್ತು. “ದೆವ್ವದ ಮನೆಯಾಗೆ ದಾರಿ ತೋರ್ಸೋರು ಯಾಕೆ ಬೇಕಲೇ? ದಾರಿ ಗೊತ್ತಿಲ್ದೇ ಇರೋದೇ ಅಲ್ವಾ ಹೆದ್ರಿಕೆ?” ಎಂದರು. ದೆವ್ವದ ಚರ್ಮದ ಸುಕ್ಕು ಸುಕ್ಕೂ ಕಾಣುವುದನ್ನು ನಾನು ಹೊಗಳಿದಾಗ, “ಆಗ ಬರೀ ಚೌಕ ಚೌಕ ಇತ್ತು. ಉಳಿದಿದ್ದು ನಾವೇ ನಮ್ಮ ತಲೆಯಾಗೆ ತುಂಬ್ಕೊಂಡ್ವಿ. ಅದಕ್ಕೇ ಅದು ನಮ್ ಜೊತೆ ಮನೆಗೂ ಬರ್ತಿತ್ತು. ಇದು ಟಿ.ವಿ. ಆರಿಸಿದ್ರೆ ಅಲ್ಲೇ ಉಳೀತೈತೆ,” ಎಂದರು. ಇಷ್ಟವಾದದ್ದನ್ನು ಮುಚ್ಚಿಡುವವರೂ ಅಲ್ಲ. ನಾಯಕ ಬರಿಗೈಲಿ ಬಾಗಿಲೊಂದನ್ನು ಒಡೆದಾಗ ಕುರ್ಚಿ ಬಡಿದು, “ಈ ಗುದ್ದಿಗೆ ತೂಕ ಐತೆ! ಇದಕ್ಕೆ ಪೂರ್ತಿ ಮಾರ್ಕ್ಸು!” ಎಂದು ಕೂಗಿದರು.

ಪ್ರತಿ ವಾರದ ಕೊನೆಗೆ ಒಟ್ಟು ಅಂಕ ಹೇಳಿ ಏಳುತ್ತಿದ್ದರು. “ಈ ವಾರ ಮೂವತ್ತೈದು. ಪಾಸು ಮಾಡಿದ್ದು ನಿನ್ನ ಹೆಂಡ್ತಿ ಮಾಡಿದ ಮಂಡಕ್ಕಿ ನೋಡಿ.”

“ಅಷ್ಟು ಕೆಟ್ಟದಾಗಿದ್ರೆ ಯಾಕ್ರಿ ಸಾರ್ ವಾರ ವಾರ ಬರ್ತೀರಿ?” ಎಂದು ನನ್ನ ಹೆಂಡತಿ ಕೇಳಿದಳು.

“ಫೇಲಾಗೋನ ಪೇಪರ್ರೂ ಪೂರ್ತಿ ಓದ್ಬೇಕಮ್ಮ. ಇಲ್ಲಾಂದ್ರೆ ಪಾಪ ಬರ್ತೈತೆ.”

ವಾರದ ಮಿಕ್ಕ ದಿನಗಳಲ್ಲಿ ವಿಮರ್ಶೆ ಬಸ್ಸಿನಲ್ಲಿ ಮುಂದುವರಿಯುತ್ತಿತ್ತು. ನೆಲಮಾಳಿಗೆಯ ದೆವ್ವಕ್ಕೆ ಹೇಗೆ ಹೊಡೆಯಬೇಕಿತ್ತು ಎಂದು ತೋರಿಸಲು ಹೋಗಿ ಒಮ್ಮೆ ಕಂಡಕ್ಟರ ಟಿಕೆಟ್ ಮೆಷಿನ್ನಿಗೇ ಬಿಟ್ಟರು. ತಳಕಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಇದನ್ನೆಲ್ಲ ಕಿವಿಗೊಟ್ಟು ಕೇಳಿ, “ಆ ಬಂಗ್ಲೆ ಯಾವೂರಾಗೈತಪ್ಪಾ?” ಎಂದಳು. “ಭಾಳ ದೂರ ಐತೆ ಅಜ್ಜಿ, ಸಮುದ್ರದಾಚೆ,” ಎಂದರು ಮೇಷ್ಟ್ರು. ಅಜ್ಜಿ ಯೋಚಿಸಿ, “ಅಷ್ಟು ದೂರ ಹೋಗಿ ಯಾಕಪ್ಪ ಗುದ್ದಾಡ್ತೀರಿ? ಒಂದು ನಿಂಬೆಹಣ್ಣು ಮಂತ್ರಿಸಿ ಕಳ್ಸಿಬಿಡ್ರಿ,” ಎಂದು ಹಾನಗಲ್ ಬರುವವರೆಗೂ ಅದರ ವಿಧಾನ ಹೇಳಿಕೊಟ್ಟಳು. ಮೇಷ್ಟ್ರು ಇಳಿಯುವಾಗ ಅವಳಿಗೆ ಕೈಮುಗಿದರು.

ಆಟ ಕೊನೆಗೆ ಹತ್ತಿರವಾದಂತೆ ಮೇಷ್ಟ್ರ ಬೈಗುಳ ಕಡಿಮೆಯಾಗುತ್ತ ಬಂತು. ನೆಲಮಾಳಿಗೆ ಇನ್ನೊಮ್ಮೆ ನೋಡೋಣ ಎನ್ನುತ್ತಿದ್ದರು, ಅಡುಗೆಮನೆಯ ದೆವ್ವ ಸರಿಯಾಗಿ ಸತ್ತಿಲ್ಲ ಎನ್ನುತ್ತಿದ್ದರು. ಆಗ ನನಗೆ ಅನುಮಾನ ಹತ್ತಿತು. ಅಂದು ಭಾಯಿಯ ಪಾರ್ಲರಿನಲ್ಲಿ, ಆ ಭಾನುವಾರ, ಇವರು ಬಾಗಿಲು ದಾಟಿರಲಿಕ್ಕಿಲ್ಲ! ನನಗೇನೋ ನಕ್ಕು ಮರೆಯುವ ವಿಷಯ. ಓಬಳೇಶನಿಗೆ ಹಾಗಲ್ಲ. ಅಕ್ಕನ ಮನೆಯ ಬಾಗಿಲಿಗೆ ಅವನನ್ನು ಬರಿಗೈಲಿ ಕಳಿಸಿದ್ದು ಆ ಕೊನೆ. ಮೇಷ್ಟ್ರಿಗೂ ಹಾಗಲ್ಲ. ಒಂದು ಸಾಲು ಹಾರಿಸಿದವರಿಗೆಲ್ಲ ಸೊನ್ನೆ ಸುತ್ತಿದ ಕೈ ಅದು.

ಮುಂದಿನ ಭಾನುವಾರ ಓಬಳೇಶ ಕೊನೆಯ ಬಾಗಿಲಿಗೆ ಬಂದೇಬಿಟ್ಟ. ಮೇಷ್ಟ್ರು ನೀರು ಬೇಕೆಂದರು, ಕುಡಿದರು, ಇನ್ನೊಂದು ಲೋಟ ಕೇಳಿದರು. ಬಾಗಿಲು ತೆರೆಯಿತು. ದೆವ್ವದ ರಾಣಿಯೇ ಇದ್ದಳು. ಭಯಂಕರ ಕಾಳಗವಾಯಿತು. ಕಡೆಗೆ ಅವಳು ಮಂಡಿಯೂರಿ ಬಿದ್ದಳು, ಮುಖದ ತುಂಬ ಕೂದಲು. ಕೊನೆಯ ಗುದ್ದಿಗೆ ಯಾವ ಗುಂಡಿ ಒತ್ತಬೇಕೆಂಬ ಗುರುತು ಪರದೆಯ ನಡುವೆ ಮಿನುಗತೊಡಗಿತು.

ಓಬಳೇಶನ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು.

“ಒತ್ತಲೇ,” ಎಂದರು ಮೇಷ್ಟ್ರು. “ಕೂದ್ಲು ಸರಿಸಲ್ಲ ಅವಳು. ಅದು ಯಾರ ಅಕ್ಕನೂ ಅಲ್ಲ. ಆವತ್ತು ನಾನು ಬಾಗ್ಲು ದಾಟೇ ಇಲ್ಲ ಕಣೋ ಓಬಳೇಶ. ಮೆಷಿನ್ ನಿಂತೋಯ್ತು. ಸುಳ್ಳು ಹೇಳ್ದೆ.”

“ಗೊತ್ತು ಸಾರ್,” ಎಂದ ಓಬಳೇಶ, ಪರದೆಯಿಂದ ಕಣ್ಣು ತೆಗೆಯದೆ. “ಆ ಸೋಮವಾರ ಸಂಜೆನೇ ಭಾಯಿನ ಕೇಳ್ದೆ. ಮಿಷನ್ ಬಂದ್ ಹೋಗಯಾ, ನಿಮ್ ಸಾರು ಬೈಕೊಂಡು ಮನೇಗ್ ಹೋದ್ರು ಅಂದ್ರು.”

ಮೇಷ್ಟ್ರು ಕುರ್ಚಿಯ ಮೇಲೆ ಮಡಿಸಿದ್ದ ಕಾಲನ್ನು ಕೆಳಗಿಳಿಸಿದರು. “ಗೊತ್ತಿದ್ದೂ ರಾಂಪುರಕ್ಕೆ ಹೋದ್ಯಾ?”

“ನೀವು ಯಾರ ಮುಂದೇನೂ ಸುಳ್ಳಾಡೋರಲ್ಲ ಸಾರ್. ಅಂಥೋರು ನನಗೋಸ್ಕರ ಆಡಿದ್ರಿ. ಹೋಗ್ದೆ ಹೆಂಗಿರ್ಲಿ?”

ಹಾಗೆಂದು ಅವನು ಗುಂಡಿ ಒತ್ತಿದ. ಟಿ.ವಿ.ಯಲ್ಲಿ ಏನೋ ಕುಸಿಯಿತು, ಬೆಂಕಿ ಎದ್ದಿತು, ಸಂಗೀತ ಬಂತು, ಅಕ್ಷರಗಳು ಮೇಲೇರಿದವು. ಹೊಸ ಆಟದ ಕೊನೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮೇಷ್ಟ್ರ ಮುಖವನ್ನು ನೋಡುತ್ತಿದ್ದೆ.